ಮೂರು ಸಲವೂ ಎಡಗಡೆಯೇ

18 ಜೂನ್ 2024, ಮಂಗಳವಾರ

ಬೆಳಿಗ್ಗೆಯಿಂದ ಪುಟ್ಟಿಗೆ ಏನೂ ಕೊಟ್ಟಿರಲಿಲ್ಲ, ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯುವುದಿತ್ತು. ಕಲಸಿದ ಸುಣ್ಣದಂಥ ಬಿಳಿ ದ್ರವ. ಮೊದಲ ಗುಟುಕನ್ನು ನನ್ನ ಮೈಮೇಲೇ ಉಗಿದಳು. ಎರಡನೆಯದು ಗಂಟಲಲ್ಲಿ ಸರ್ರನೆ ಇಳಿದದ್ದು ಪರದೆಯ ಮೇಲೆ ಕಂಡಿತು. ಎಲ್ಲ ಇಳಿದ ಮೇಲೂ ಎಡಗಡೆ ಒಂದು ಎಳೆ ಮಾತ್ರ ಉಳಿದುಕೊಂಡಿತು, ಹೊಲಿಗೆ ದಾರದಷ್ಟು ಸಣ್ಣದು. "ಸಿಕ್ತು ನೋಡಿ" ಅಂದರು ಡಾಕ್ಟರು.

ಒಂದೂವರೆ ವರ್ಷದಲ್ಲಿ ಮೂರು ಸಲ ಕುತ್ತಿಗೆ ಊದಿದೆ. ನೆಗಡಿ ಬಂದು ನಾಲ್ಕೈದು ದಿನಕ್ಕೆ ಜ್ವರ, ನುಂಗಿದರೆ ಅಳು, ಆಮೇಲೆ ಕೆಂಪಗೆ ಬಾವು. ಮೊದಲ ಸಲ ಮಂಗನಬಾವು ಅಂದರು. ಎರಡನೇ ಸಲ ಕೊಯ್ದು ಕೀವು ತೆಗೆದರು. ಮೂರನೇ ಸಲ ಹಳೇ ಕಲೆಯ ಮೇಲೇ ಮತ್ತೆ ಕೊಯ್ದರು. ಪ್ರತಿಸಲವೂ ಎಡಗಡೆಯೇ ಯಾಕೆ ಅಂತ ಕೇಳಿದ್ದೆ. "ಮಕ್ಕಳಿಗೆ ಗಂಟು ಮಾಮೂಲಿ ಕಣಮ್ಮ" ಅಂದಿದ್ದರು. ಮಾತು ಸುಳ್ಳಲ್ಲ, ಅದಕ್ಕೇ ಇನ್ನೂ ಮೈ ಉರಿಯುತ್ತೆ.

ಈ ಇಎನ್‌ಟಿ ಡಾಕ್ಟರು ಮೊದಲ ದಿನ ಕುತ್ತಿಗೆ ಮುಟ್ಟುವ ಮುಂಚೆ ಪ್ರಶ್ನೆಗಳನ್ನೇ ಕೇಳಿದ್ದರು. ಅತ್ತಾಗ ಉಬ್ಬಿ ಸುಮ್ಮನಾದರೆ ಇಳಿಯುತ್ತಾ? ಹಾಗಿದ್ದರೆ ಹಿಗ್ಗಿದ ರಕ್ತನಾಳವಿರಬಹುದು, ಅದನ್ನು ಸಾಮಾನ್ಯವಾಗಿ ಕೊಯ್ಯುವುದಿಲ್ಲವಂತೆ. ಕಿವಿಯ ಮುಂದೆ, ದವಡೆಯ ಹತ್ತಿರ ಊದುತ್ತಾ? ಅದು ಜೊಲ್ಲಿನ ಗ್ರಂಥಿ, ಕೀವಿಲ್ಲದೆ ಪದೇ ಪದೇ ಊದಿ ಹರೆಯ ಬರುವಷ್ಟರಲ್ಲಿ ಹೆಚ್ಚಾಗಿ ತಾನೇ ನಿಲ್ಲುತ್ತದೆ. ನಾಲ್ಕು ವಾರಕ್ಕೊಮ್ಮೆ ಲೆಕ್ಕ ಹಾಕಿದ ಹಾಗೆ ಜ್ವರ, ಬಾಯಿಹುಣ್ಣು ಬರುತ್ತಾ? ಕೊನೆಗೆ ನಾಲಿಗೆ ಚಾಚು ಅಂದರು. ನಡುಗುತ್ತಿಗೆಯ ಗಂಟು ಅದರ ಜೊತೆ ಮೇಲೆ ಸರಿದರೆ ಥೈರೋಗ್ಲಾಸಲ್ ಸಿಸ್ಟ್ ಅಂತೆ. ಪುಟ್ಟಿ ಅಣಕಿಸಲು ಹೇಳಿದರೆಂದುಕೊಂಡು ಎರಡು ನಿಮಿಷ ನಾಲಿಗೆ ಒಳಗೆ ಹಾಕಲೇ ಇಲ್ಲ.

ನಮ್ಮದು ಇದ್ಯಾವುದೂ ಅಲ್ಲ. ಪೈರಿಫಾರ್ಮ್ ಸೈನಸ್ ಫಿಸ್ಟುಲಾ. ಹೊಟ್ಟೆಯಲ್ಲಿ ಮಗುವಿನ ಕುತ್ತಿಗೆ ರೂಪುಗೊಳ್ಳುವಾಗ ಮುಚ್ಚಿಹೋಗಬೇಕಿದ್ದ ಒಂದು ಸಣ್ಣ ದಾರಿ ಮುಚ್ಚದೇ ಉಳಿದಿದೆ. ಧ್ವನಿಪೆಟ್ಟಿಗೆಯ ಪಕ್ಕದ ಗುಳಿಯಲ್ಲಿ ಅದರ ಬಾಯಿ, ಇನ್ನೊಂದು ತುದಿ ಥೈರಾಯ್ಡ್‌ನ ಬಳಿ. ನೆಗಡಿಯಾದಾಗ ಗಂಟಲ ಸೋಂಕು ಅದರಲ್ಲೇ ಇಳಿದು ಕೀವಾಗುತ್ತದೆ. ಬಹುತೇಕ ಎಲ್ಲರಲ್ಲೂ ಎಡಗಡೆಯೇ ಇರುತ್ತದಂತೆ! ಹೊರಗಿನಿಂದ ಎಷ್ಟು ಸಲ ಕೊಯ್ದರೂ ಒಳಗಿನ ಬಾಯಿ ತೆರೆದೇ ಇತ್ತಲ್ಲ.

ಬಾವು ಇಳಿದ ಮೇಲೂ ಈ ಎಕ್ಸ್‌ರೇಗೆ ಆರು ವಾರ ಕಾಯಿಸಿದ್ದೂ ಈಗ ಅರ್ಥವಾಯಿತು. ಬಾವು ಇರುವಾಗ ಆ ತೂತು ಊದಿಕೊಂಡು ಮುಚ್ಚಿರುತ್ತದೆ, ಬೇರಿಯಂ ನುಗ್ಗುವುದಿಲ್ಲ. ಮುಂದಿನ ತಿಂಗಳು ಅರಿವಳಿಕೆ ಕೊಟ್ಟು, ಪುಟ್ಟಿಯ ಬಾಯಿಯ ಮೂಲಕವೇ ಸ್ಕೋಪ್ (ಒಳಗೆ ನೋಡುವ ಕೊಳವೆ) ಇಳಿಸಿ ಆ ತೂತನ್ನು ಸುಟ್ಟು ಮುಚ್ಚುತ್ತಾರೆ. ಒಂದೇ ಸಲಕ್ಕೆ ಮುಚ್ಚದಿದ್ದರೆ ಇನ್ನೊಮ್ಮೆ ಮಾಡಬೇಕಾದೀತು ಅಂತಲೂ ಹೇಳಿದ್ದಾರೆ. ಕುತ್ತಿಗೆ ಮೇಲೆ ಹೊಸ ಕಲೆ ಬೀಳುವುದಿಲ್ಲ.

ಅಲ್ಲಿಯವರೆಗೆ ನೆಗಡಿಯಾಗದ ಹಾಗೆ ನೋಡಿಕೊಳ್ಳಿ ಅಂದರು. ಸಂಜೆ ದೊಡ್ಡವನು ಮೂಗು ಸೋರಿಸಿಕೊಂಡು ಸ್ಕೂಲಿಂದ ಬಂದ.