ಯಾರೂ ಒತ್ತದ ಸ್ವಿಚ್ಚು

ಬಾಸ್ಟನ್ ಹೊರವಲಯದ ಒಂದು ಯಹೂದಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ನಾನು ಯಹೂದಿಯಲ್ಲ, ಮೈಸೂರಿನವಳು. ಇಂಥ ಶಾಲೆಗಳಿಗೆ ಅಮೆರಿಕದಲ್ಲಿ ‘ಡೇ ಸ್ಕೂಲ್’ ಎನ್ನುತ್ತಾರೆ. ಹೀಬ್ರೂ, ತೋರಾ ಎಂಬ ಧರ್ಮಗ್ರಂಥ, ಧರ್ಮವಿಧಿಗಳ ಚರ್ಚೆಯಾದ ತಾಲ್ಮುದ್ ಒಂದು ಕಡೆ; ಕ್ಯಾಲ್ಕ್ಯುಲಸ್, ಕೆಮಿಸ್ಟ್ರಿ ಇನ್ನೊಂದು ಕಡೆ. ಅವುಗಳಲ್ಲಿ ಹೆಚ್ಚಿನವು ಕಟ್ಟುನಿಟ್ಟಿನ ಆರ್ಥೊಡಾಕ್ಸ್ ಪಂಥದವು. ನಮ್ಮದು ಬಹುಪಂಥೀಯ ಶಾಲೆ. ಆರ್ಥೊಡಾಕ್ಸ್, ನಡುಪಂಥದ ಕನ್ಸರ್ವೇಟಿವ್, ಉದಾರಪಂಥದ ರಿಫಾರ್ಮ್ ಮನೆಗಳ ಮಕ್ಕಳೂ ದೇವರನ್ನೇ ಒಪ್ಪದ ಮನೆಗಳ ಮಕ್ಕಳೂ ಒಟ್ಟಿಗೆ ಓದುತ್ತಾರೆ. ಬೆಳಗಿನ ಪ್ರಾರ್ಥನೆಗೆ ಮಾತ್ರ ಬೇರೆ ಬೇರೆ ಕೋಣೆ. ಒಂದರಲ್ಲಿ ಹುಡುಗ ಹುಡುಗಿಯರ ನಡುವೆ ಪರದೆ. ಪಕ್ಕದ್ದರಲ್ಲಿ ಹುಡುಗಿಯೇ ಮುಂದೆ ನಿಂತು ಪ್ರಾರ್ಥನೆ ನಡೆಸುತ್ತಾಳೆ. ಮತ್ತೊಂದರಲ್ಲಿ ಕಣ್ಣು ಮುಚ್ಚಿ ಮೌನವಾಗಿ ಕೂರುತ್ತಾರೆ. ಅಡುಗೆಮನೆಯಲ್ಲಿ ಹಾಲಿನ ಪದಾರ್ಥಕ್ಕೆ ಒಂದು ಸೆಟ್ ಪಾತ್ರೆ, ಮಾಂಸಕ್ಕೆ ಇನ್ನೊಂದು. ಅಜ್ಜಿಯ ಮಡಿ–ಮುಸುರೆಯಲ್ಲಿ ಬೆಳೆದ ನನಗೆ ಅದನ್ನು ಯಾರೂ ವಿವರಿಸಿ ಹೇಳಬೇಕಾಗಲಿಲ್ಲ.

ಬಹುಪಂಥೀಯ ಎಂದರೆ ಏನೆಂದು ನನಗೆ ನಿಜವಾಗಿ ತಿಳಿದದ್ದು ಶಬ್ಬತ್ ಶಿಬಿರದಲ್ಲಿ. ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಮಕ್ಕಳನ್ನು ನ್ಯೂ ಹ್ಯಾಂಪ್‌ಷೈರಿನ ಕಾಡಿನ ನಡುವಿನ ಶಿಬಿರಕ್ಕೆ ಕರೆದೊಯ್ಯುತ್ತೇವೆ. ಶುಕ್ರವಾರ ಸೂರ್ಯ ಮುಳುಗಿದಾಗಿನಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಶಬ್ಬತ್, ವಾರದ ವಿಶ್ರಾಂತಿಯ ದಿನ. ಸಂಪ್ರದಾಯ ಪಾಲಿಸುವವರು ಆ ಹೊತ್ತಿನಲ್ಲಿ ಬೆಂಕಿ ಹಚ್ಚುವುದಿಲ್ಲ, ಬರೆಯುವುದಿಲ್ಲ, ವಿದ್ಯುತ್ ಸ್ವಿಚ್ ಮುಟ್ಟುವುದಿಲ್ಲ, ವಾದ್ಯ ನುಡಿಸುವುದಿಲ್ಲ. ಶಿಬಿರದ ನಿಯಮ ಇಷ್ಟೇ: ಅವರವರ ಕೋಣೆಯಲ್ಲಿ ಅವರವರ ಪದ್ಧತಿ, ಎಲ್ಲರೂ ಸೇರುವ ಜಾಗದಲ್ಲಿ ಅತಿ ಕಟ್ಟುನಿಟ್ಟಿನವರ ಪದ್ಧತಿ. ಹಾಗಾಗಿ ಊಟದ ಹಾಲ್‌ನ ದೀಪಗಳನ್ನು ಮುಂಚೆಯೇ ಹಾಕಿಟ್ಟಿರುತ್ತೇವೆ.

ಕಳೆದ ಶಿಬಿರದಲ್ಲಿ, ರಾತ್ರಿ ಊಟ ಮುಗಿಯುವ ಹೊತ್ತಿಗೆ, ಬಾಗಿಲ ಬಳಿ ನಿಂತಿದ್ದ ಹುಡುಗನೊಬ್ಬನ ಬೆನ್ನು ಗೋಡೆಯ ಸ್ವಿಚ್ಚಿಗೆ ತಾಗಿ ದೀಪಗಳೆಲ್ಲ ಆರಿಹೋದವು. ಮೇಜಿನ ತುದಿಯಲ್ಲಿ ಮೇಣದ ಬತ್ತಿಗಳ ಕೊನೆಯ ಅಂಗುಲ, ಹೊರಗಿನ ಪಡಸಾಲೆಯಿಂದ ಒಳಬಂದ ಒಂದಿಷ್ಟು ಬೆಳಕು, ಅಷ್ಟೇ. ಆ ಸ್ವಿಚ್ಚು ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ನನಗೆ ಶಬ್ಬತ್‌ನ ಕಟ್ಟುಪಾಡಿಲ್ಲ, ಹಾಕಿಬಿಡಲೇ ಎಂದೆ. ಹನ್ನೊಂದನೇ ತರಗತಿಯ ಒಬ್ಬ ಆರ್ಥೊಡಾಕ್ಸ್ ಹುಡುಗ, ಬಹಳ ಸಂಕೋಚದಿಂದ, “ನಿಮಗೆ ಬೇಕಿದ್ದರೆ ಹಾಕಿ, ನಮಗಾಗಿ ಬೇಡ” ಎಂದ.

ಅವನು ಹೇಳಿದ್ದು ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ, ತಾಲ್ಮುದ್‌ಗೆ ಬುನಾದಿಯಾದ ಮಿಶ್ನಾದಲ್ಲಿರುವ ವಿಧಿ. ಯಹೂದಿಯಲ್ಲದವನು ತನಗಾಗಿ ದೀಪ ಹಚ್ಚಿಕೊಂಡರೆ ಯಹೂದಿ ಆ ಬೆಳಕಿನಲ್ಲಿ ಕೂರಬಹುದು. ಯಹೂದಿಗಾಗಿ ಹಚ್ಚಿದರೆ ಕೂಡದು. ಅದೇ ಜಾಗದಲ್ಲಿ ಇನ್ನೊಂದು ಪ್ರಸಂಗವೂ ಬರುತ್ತದೆ. ಧರ್ಮಪಂಡಿತ ರಬ್ಬಾನ್ ಗಮ್ಲಿಯೇಲ್ ಮತ್ತು ಹಿರಿಯರು ಹಡಗಿನಲ್ಲಿ ಬಂದಾಗ ಒಬ್ಬ ಅನ್ಯಧರ್ಮೀಯ ಇಳಿಯಲು ಹಲಗೆ ಹಾಕಿಕೊಂಡ, ಇವರೂ ಅದರ ಮೇಲೆಯೇ ಇಳಿದರು. ಆ ವರ್ಷ ತರಗತಿಯಲ್ಲಿ ಅದನ್ನೇ ಜೋಡಿ ಜೋಡಿಯಾಗಿ ಕೂತು ಓದಿದ್ದ ಮಕ್ಕಳು ಅರೆಗತ್ತಲಲ್ಲೇ ಚರ್ಚೆಗಿಳಿದರು. ಮೇಡಂಗೆ ಈಗ ಬೆಳಕು ಬೇಕೇ? ಬೇಕೆಂದು ಅವರು ಸುಮ್ಮನೆ ಹೇಳಿದರೆ ನಡೆಯುತ್ತದೆಯೇ? ನನ್ನನ್ನೇ ನಾನು ಕೇಳಿಕೊಂಡೆ. ನನಗೆ ಆ ಬೆಳಕು ಬೇಕಿರಲಿಲ್ಲ, ಬೇಕಿದ್ದದ್ದು ಅವರಿಗೆ. ಕೈ ಹಿಂದೆ ತೆಗೆದೆ.

ಆಗ ರಿಫಾರ್ಮ್ ಮನೆಯ ಹುಡುಗಿಯೊಬ್ಬಳು ಎದ್ದು ಬಂದಳು. ಅವಳ ಮನೆಯಲ್ಲಿ ಶಬ್ಬತ್ ದಿನ ದೀಪ ಹಾಕುತ್ತಾರೆ, ಅವರ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಗಿಟಾರ್ ನುಡಿಸಿ ಹಾಡುತ್ತಾರೆ. “ನಾನು ಹಾಕಿದರೆ ನನಗೆ ತಪ್ಪಲ್ಲ” ಎಂದಳು. ಆದರೆ ಅವಳು ಹಾಕಿದ ಬೆಳಕಿನಲ್ಲಿ ಆ ಹುಡುಗ ಮತ್ತು ಅವನಂಥವರು ಕೂರುವಂತಿಲ್ಲ, ಎದ್ದು ಹೋಗಬೇಕು. ಒಂದು ಕ್ಷಣ ಸ್ವಿಚ್ಚನ್ನು ನೋಡಿದಳು, ಬೆಂಚಿನ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ಅವನೇ ಹಿಡಿದ. ಬೆಂಚುಗಳೆಲ್ಲ ಪಡಸಾಲೆಗೆ ಬಂದವು, ಹಾಡು ಅಲ್ಲಿ ಮುಂದುವರಿಯಿತು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಚೆಂದ, ಆದರೆ ಪೂರ್ತಿಯಲ್ಲ. ಶನಿವಾರ ಮಧ್ಯಾಹ್ನದ ಚರ್ಚೆಯಲ್ಲಿ ಅವಳು ನೇರವಾಗಿ ಕೇಳಿದಳು: “ಪ್ರತಿಸಲ ಕಟ್ಟುನಿಟ್ಟಿನವರ ಮಾತೇ ನಡೆದರೆ ಇದು ಬಹುಪಂಥೀಯ ಶಾಲೆ ಹೇಗಾಯಿತು? ನನ್ನ ಗಿಟಾರೂ ನನಗೆ ಪ್ರಾರ್ಥನೆಯೇ. ಬಿಟ್ಟುಕೊಡುವವಳು ಯಾವಾಗಲೂ ನಾನೇ.” ಅವಳ ಮಾತು ನ್ಯಾಯವಾದದ್ದು ಎಂದು ನನಗೆ ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತದೆ. ಹೊಂದಾಣಿಕೆಗೆ ಬೆಲೆಯಿದೆ, ಅದನ್ನು ಒಂದೇ ಮನೆಯವರಿಂದ ವಸೂಲಿ ಮಾಡುತ್ತಾ ಹೋಗಬಾರದು.

ಚರ್ಚೆ ನಡೆಸುತ್ತಿದ್ದ ಧರ್ಮಗುರು, ರಬ್ಬಿ, ತೀರ್ಪು ಕೊಡಲಿಲ್ಲ. ಉತ್ತರ ಹೇಳುವ ಮೊದಲು ಅವಳ ವಾದವನ್ನು ಅವಳೇ ಒಪ್ಪುವ ಹಾಗೆ ಹೇಳು ಎಂದು ಆ ಹುಡುಗನಿಗೆ ಹೇಳಿದರು. ಇದಕ್ಕೂ ತಾಲ್ಮುದ್‌ನಲ್ಲೇ ಆಧಾರವಿದೆ. ಹಿಲ್ಲೆಲ್ ಮತ್ತು ಶಮ್ಮಾಯ್ ಎಂಬ ಎರಡು ಪರಂಪರೆಯವರು ಮೂರು ವರ್ಷ ವಾದ ಮಾಡಿದರಂತೆ. ಇವೂ ಅವೂ ಜೀವಂತ ದೇವರ ಮಾತುಗಳೇ, ಆದರೆ ನಡೆಯಬೇಕಾದದ್ದು ಹಿಲ್ಲೆಲ್ ಕಡೆಯವರಂತೆ ಎಂದು ಆಕಾಶವಾಣಿಯಾಯಿತಂತೆ. ಯಾಕೆಂದರೆ ಅವರು ಸೌಮ್ಯರು. ಎದುರಾಳಿಗಳ ಮಾತನ್ನೂ ಕಲಿಸುತ್ತಿದ್ದರು, ತಮ್ಮದಕ್ಕಿಂತ ಮೊದಲೇ ಹೇಳುತ್ತಿದ್ದರು. ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸದೆ ಸಿದ್ಧಾಂತಕ್ಕೆ ಹೋಗಬಾರದೆಂಬ ನಮ್ಮ ಶಾಸ್ತ್ರಪಂಡಿತರ ಶಿಸ್ತೂ ಇದೇ. ಹದಿನಾರರ ಹುಡುಗ ಅದನ್ನು ಪಾಲಿಸುವುದನ್ನು ನಾನು ಕಣ್ಣಾರೆ ಕಂಡದ್ದು ಅಂದು. ಮೊದಲ ಎರಡು ಸಲ ಅವಳು “ಹಾಗಲ್ಲ” ಎಂದು ತಲೆ ಅಲ್ಲಾಡಿಸಿದಳು. ಮೂರನೇ ಸಲ, “ಹೌದು, ಇದೇ” ಎಂದಳು. ಆಮೇಲೆ ತನ್ನ ವಾದಕ್ಕೆ ಬಂದ ಅವನ ದನಿಯೂ ತಗ್ಗಿತ್ತು.

ದಾರಿ ತೋರಿಸಿದವನೂ ಅವನೇ. ವಾದ್ಯಕ್ಕೆ ಅಡ್ಡಿಯಿರುವುದು ಶಬ್ಬತ್ ಶುರುವಾದ ಮೇಲೆ ತಾನೇ? ಶುಕ್ರವಾರದ ಹಾಡುಗಳನ್ನು ಅದಕ್ಕೂ ಮೊದಲೇ, ಅವಳ ಗಿಟಾರ್ ಜೊತೆ, ಎಲ್ಲರೂ ಸೇರಿ ಹಾಡೋಣ. ಗಿಟಾರ್ ಕೆಳಗಿಟ್ಟ ಮೇಲೆ ಶಬ್ಬತ್ ಬರಮಾಡಿಕೊಳ್ಳುವ ಬತ್ತಿ ಹಚ್ಚೋಣ. ಬತ್ತಿ ಹಚ್ಚುವುದು ಸೂರ್ಯಾಸ್ತಕ್ಕೆ 18 ನಿಮಿಷ ಮೊದಲು. ನವೆಂಬರಿನಲ್ಲಿ ಅಲ್ಲಿ ನಾಲ್ಕೂವರೆಯ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಬಸ್ ಪ್ರಯಾಣವೂ ದೂರದ್ದು. ಲೆಕ್ಕ ನನ್ನ ಪಾಲಿಗೆ ಬಂತು. ಮಧ್ಯಾಹ್ನ ಹನ್ನೆರಡಕ್ಕೇ ಶಾಲೆ ಬಿಡಬೇಕು, ಎರಡು ಪೀರಿಯಡ್ ಹೋಗುತ್ತವೆ, ಅದರಲ್ಲಿ ಒಂದು ನನ್ನದು. ಸಂತೋಷದಿಂದ ಸಹಿ ಹಾಕಿದೆ.

ಶಾಲೆ ಗಿಟಾರಿಗೆ ಒಪ್ಪಿದೆ. ಎಲ್ಲರೂ ಸೇರುವ ಜಾಗದಲ್ಲಿ ಯಾರ ಪದ್ಧತಿ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮಕ್ಕಳ ಸಮಿತಿಯಲ್ಲಿ ಆ ಚರ್ಚೆ ಮತ್ತೆ ಬರಲಿದೆ. ಈ ಸಲ ಅವಳು ಅವನ ಪಕ್ಷವನ್ನು ಮಂಡಿಸಬೇಕು.