ಗಂಡಭೇರುಂಡ ಪಾಸು, ನಾಯಿ ಫೇಲು

"ಅಲ್ಲಮ್ಮ, ಗಂಡಭೇರುಂಡ ಮಾತಾಡೋದೆಲ್ಲ ಸರಿ. ಆದ್ರೆ ನಾಯಿಗೆ ಕಲ್ಲು ನಿಲ್ಸಿ, ಭೂಮಿ ಬಿಟ್ಟು, ಪೂಜೆ ಮಾಡಿಸ್ತಾರೆ ಅಂದ್ರೆ ಯಾರಮ್ಮ ನಂಬ್ತಾರೆ? ಸ್ವಲ್ಪ ನಂಬೋ ಹಾಗೆ ಬರಿ."

ಈ ವಾರವೆಲ್ಲ ಈ ಮಾತು ಕಿವಿಯಲ್ಲೇ ಕೂತಿದೆ. ಹೇಳಿದವರು ನನ್ನ ಕಾದಂಬರಿಯ ಹಸ್ತಪ್ರತಿ ಓದಿಕೊಟ್ಟ ಹಿರಿಯರು. ಜೀವನವಿಡೀ ವಿಜ್ಞಾನ ಪಾಠ ಮಾಡಿದವರು. ಒಳ್ಳೆಯವರು, ಸಹನೆಯಿಂದ ಓದುವವರು, ಸ್ವಲ್ಪ ಹಟದವರು. ಕಾಗುಣಿತದ ತಪ್ಪುಗಳಿಗೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದರು. ಗಂಡಭೇರುಂಡ ಬರುವ ಪುಟಗಳಲ್ಲಿ ಮಾತ್ರ ಒಂದು ಗೆರೆಯೂ ಇಲ್ಲ. ನನ್ನ ಹಕ್ಕಿಯ ಒಂದು ತಲೆಗೆ ಆಗಿಹೋದದ್ದಷ್ಟೇ ಗೊತ್ತು, ಇನ್ನೊಂದಕ್ಕೆ ಆಗಲಿರುವುದಷ್ಟೇ ಗೊತ್ತು. ಹಾಗಾಗಿ ಎರಡಕ್ಕೂ ಸದಾ ಜಗಳ. ಅದನ್ನು ಓದಿ ನಕ್ಕರಂತೆ. ನಾಯಿ ಬಂದ ಪುಟದ ಅಂಚಿನಲ್ಲಿ ಮಾತ್ರ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ.

ತಮಾಷೆ ಏನಪ್ಪಾ ಅಂದರೆ, ಗಂಡಭೇರುಂಡ ನಾನು ಕಟ್ಟಿದ್ದು. ನಾಯಿ ನಾನು ಕಟ್ಟಿದ್ದಲ್ಲ.

ಅದು ಆತಕೂರಿನ ಕಲ್ಲಿನ ಶಾಸನದಲ್ಲಿ ಬರುವ ನಾಯಿ. ಈಗಿನ ಮದ್ದೂರು ತಾಲ್ಲೂಕಿನ ಊರು. ಶಾಸನದ ಕಾಲ ಶಕ ವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಅವನ ಪರವಾಗಿ ಕಾದಿದ ಗಂಗರ ಬೂತುಗ, ಆನೆಯ ಮೇಲಿನ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಚೋಳ ರಾಜಾದಿತ್ಯನನ್ನು ಕಿರುಗತ್ತಿಯಿಂದ ಇರಿದು ಕೊಂದ ಅಂತ ಈ ಕಲ್ಲು ಹೇಳುತ್ತದೆ. ಬೂತುಗನ ಕಡೆ ಮಣಲೇರ ಅಂತ ಒಬ್ಬ ವೀರ ಇದ್ದ. ಅವನ ಶೌರ್ಯಕ್ಕೆ ಮೆಚ್ಚಿದ ಒಡೆಯ "ಏನು ಬೇಕೋ ಕೇಳಿಕೋ" ಅಂದ. ಮಣಲೇರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆಮೇಲೆ ಬೆಳ್ತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನೂ ಬಿಟ್ಟರು. ಕೆರೆಯ ಕೆಳಗಿನ ನೆಲ ಅಂದರೆ ಸುಮ್ನೆ ಅಲ್ಲ, ನೀರು ಹರಿಯುವ ನೆಲ. ಕಲ್ಲಿನ ಮೇಲೆ ನಾಯಿ ಹಂದಿಯ ಜೊತೆ ಕಾದುತ್ತಿರುವ ಚಿತ್ರವೂ ಇದೆ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯಾರು ಬೇಕಾದರೂ ಹೋಗಿ ನೋಡಬಹುದು.

ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಇರಬಹುದಮ್ಮ. ಆದ್ರೂ ಕಥೇಲಿ ನಂಬಿಕೆ ಬರಲ್ಲ" ಅಂದರು.

ಈ ಎರಡನೇ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ಅದರಲ್ಲಿ ನ್ಯಾಯವಿದೆ. "ಇದು ನಿಜವಾಗಿ ನಡೆದಿತ್ತು" ಅನ್ನುವುದು ಕಥೆಗಾರರ ಅತಿ ಸೋಮಾರಿ ಸಮರ್ಥನೆ. ಶಾಸನಕ್ಕೆ ಕಲ್ಲಿನ ಬಲವಿದೆ, ನನ್ನ ಪುಟಕ್ಕೆ ಇಲ್ಲ. ಅದು ಗೊತ್ತಿದ್ದೂ ಮೊದಲ ಮಾತು ಬಿಡುತ್ತಿಲ್ಲ. "ನಂಬೋ ಹಾಗೆ ಬರಿ." ಹಕ್ಕಿಗೆ ಯಾಕೆ ಈ ಮಾತು ಬರಲಿಲ್ಲ?

ಇತಿಹಾಸದ ಜೊತೆ ಮಾಯೆ ಬೆರೆಸಿ ಬರೆಯುವವರ ಪಾಡೇ ಇದು. ಎಚ್ಚರವೆಲ್ಲ ಒಂದು ಕಡೆ ಹೋಗುತ್ತದೆ, ಓದುಗರ ಅನುಮಾನ ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಹತ್ತನೇ ಶತಮಾನದ ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿ ಇಣುಕಬಾರದು, ಅದು ಪೋರ್ಚುಗೀಸರ ಹಡಗಿನ ನಂತರದ್ದು. ಲೆಕ್ಕ ಬರೆಯುವವನ ಕೈಯಲ್ಲಿ ಕಾಗದ ಇರಬಾರದು, ಓಲೆಗರಿ ಇರಬೇಕು. "ಎರಡು ನಿಮಿಷ ತಡಿ" ಅಂತ ಯಾರೂ ಹೇಳುವಂತಿಲ್ಲ. ದಿನಕ್ಕೆ 60 ಗಳಿಗೆ, ಒಂದೊಂದೂ ನಮ್ಮ 24 ನಿಮಿಷ. ಅವಸರದ ಪಾತ್ರಗಳಿಗೆ ಈ ಲೆಕ್ಕದಿಂದ ಆಗುವ ಕಷ್ಟ ನನಗೇ ಗೊತ್ತು. ಇಷ್ಟೆಲ್ಲ ಕಾವಲು ಕಾದರೂ ಒಬ್ಬರೂ ಗಮನಿಸುವುದಿಲ್ಲ. ಗಂಡಭೇರುಂಡಕ್ಕೆ ನನ್ನ ಕೈಯಲ್ಲಿರುವ ಗಟ್ಟಿ ಆಧಾರ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಗಂಡಭೇರುಂಡ ಕಂಬ. ಅದನ್ನು ನಿಲ್ಲಿಸಿದ್ದು 1047ರಲ್ಲಿ, ನನ್ನ ಕಥೆಯಾದ ಸುಮಾರು ನೂರು ವರ್ಷಕ್ಕೆ. ಹಕ್ಕಿಯನ್ನು ಬೇಕೆಂದೇ ಹಿಂದಕ್ಕೆ ಎಳೆದುಕೊಂಡಿದ್ದೇನೆ. ಯಾರಾದರೂ ಕೇಳಿದರೆ ಹೇಳೋಣ ಅಂತ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ. ಸಿಕ್ಕಿಬಿದ್ದದ್ದು ಕಾಳಿ.

ನನಗೆ ಅನಿಸುವುದು ಇಷ್ಟು. ಹಳೆಯ ಕಾಲದವರಿಗೆ ಮಂತ್ರ, ಮಾಟ, ಆಕಾಶದಿಂದ ಇಳಿಯುವ ವಿಮಾನ, ಏನು ಕೊಟ್ಟರೂ ನಮಗೆ ಒಪ್ಪಿಗೆ. ಸಾಕಿದ ನಾಯಿ ಸತ್ತಾಗ ಹೊಟ್ಟೆ ಉರಿಯಿತು ಅಂದರೆ ಮಾತ್ರ ಒಪ್ಪುವುದಿಲ್ಲ. ಅದು ಇವತ್ತಿನವರ ಚಾಳಿ, ಆಗಿನವರು ಗಟ್ಟಿ ಮನುಷ್ಯರು, ಅವರಿಗೆ ಅದಕ್ಕೆಲ್ಲ ಪುರುಸೊತ್ತು ಎಲ್ಲಿತ್ತು ಅಂತ ನಮ್ಮ ನಂಬಿಕೆ. ಇದರಲ್ಲಿ ಧಾರಾವಾಹಿಗಳ ಪಾಲು ಜಾಸ್ತಿಯೇ ಇದೆ. ಅಲ್ಲಿ ಕಿರೀಟ ಇಟ್ಟವರು ಮೀಸೆ ತಿರುವುತ್ತಾರೆ, ಶಪಥ ಮಾಡುತ್ತಾರೆ, ಮೋಸ ಹೋಗುತ್ತಾರೆ. ನಾಯಿಯ ಕಿವಿ ಕೆರೆಯುತ್ತಾ ಕೂತ ರಾಜನನ್ನು ನಾನಂತೂ ನೋಡಿಲ್ಲ.

ನಿಜ, ಶಾಸನದಲ್ಲೂ ದುಃಖ ಅನ್ನುವುದಿಲ್ಲ. ಗೆದ್ದವರ ಬಿರುದು, ಭೂಮಿಯ ಅಳತೆ, ಹಾಳು ಮಾಡಿದವನಿಗೆ ಶಾಪ, ಇಷ್ಟೇ. ಆದರೆ ಮೆಚ್ಚಿದ ಒಡೆಯನ ಮುಂದೆ ನಿಂತವನು ಊರು ಕೇಳಬಹುದಿತ್ತು, ಪದವಿ ಕೇಳಬಹುದಿತ್ತು. ನಾಯಿ ಕೇಳಿದ. ಅದಕ್ಕಿಂತ ಇನ್ನೇನು ಬರೆಯಬೇಕು? ನನ್ನ ಗಂಡಭೇರುಂಡ ಎರಡೂ ಬಾಯಿ ತೆರೆದು ಕೂಗಿದರೂ ಇಷ್ಟು ಹೇಳಲಾರದು.

ಈಗ ಆ ಪುಟವನ್ನು ಏನು ಮಾಡುವುದು? ಅಡಿಟಿಪ್ಪಣಿ ಹಾಕಿ ಅಂತ ಒಬ್ಬ ಗೆಳತಿ ಸಲಹೆ ಕೊಟ್ಟಳು. ಬೇಡ. ಹಕ್ಕಿಗೆ ಟಿಪ್ಪಣಿ ಇಲ್ಲ, ನಾಯಿಗೆ ಯಾಕೆ? ತೆಗೆದುಬಿಡುವ ಮಾತೂ ಇಲ್ಲ, ಯಾಕೆಂದರೆ ಇಡೀ ಕಾದಂಬರಿಯ ಮಾಯೆ ನಿಂತಿರುವುದೇ ಆ ಶಾಸನದ ಒಂದು ಸಾಲಿನ ಮೇಲೆ. ಗುಡಿಯ ಗೊರವ, ಅಂದರೆ ಅಲ್ಲಿನ ಶೈವ ಪೂಜಾರಿ, ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಅನ್ನುವುದು ಆ ಸಾಲು. ಇಂಥ ಶಾಪಾಶಯ ಎಷ್ಟೋ ದಾನಶಾಸನಗಳ ಕೊನೆಗೆ ಇರುತ್ತದೆ. ದಾನ ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಅನ್ನುವ ಶ್ಲೋಕವಂತೂ ಊರೂರಿನ ಕಲ್ಲುಗಳಲ್ಲಿದೆ. ನಾವು ಅದನ್ನು ವಾಡಿಕೆಯ ಮಾತು ಅಂತ ದಾಟಿಬಿಡುತ್ತೇವೆ. ಕೆತ್ತಿದವರು ದಾಟಿರಲಿಕ್ಕಿಲ್ಲ. ನಾನು ಮಾಡಿದ್ದು ಇಷ್ಟೇ, ಆ ಸಾಲನ್ನು ಅಕ್ಷರಶಃ ತೆಗೆದುಕೊಂಡೆ. ನನ್ನ ಕಥೆಯಲ್ಲಿ ಶಾಪ ನಿಜಕ್ಕೂ ತಟ್ಟುತ್ತದೆ.

ಹಾಗಾಗಿ ಮೇಷ್ಟ್ರ ಅನುಮಾನವನ್ನೇ ಎತ್ತಿ ಗೊರವನ ಬಾಯಿಗೆ ಇಟ್ಟೆ. ಇದುವರೆಗೆ ಗಂಟೆ ಬಾರಿಸಿ ಹೋಗುತ್ತಿದ್ದ ಸಣ್ಣ ಪಾತ್ರ ಅವನು. ಈಗ ಗೊಣಗುತ್ತಾನೆ. "ನಾಯಿಗೆ ಪೂಜೆ ಮಾಡಿದ ಮೇಲೆ ನನಗೆ ಊಟವಂತೆ! ಹೇಳಿದರೆ ಯಾರು ನಂಬುತ್ತಾರೆ?" ಒಂದು ದಿನ ಬೇಕೆಂದೇ ಪೂಜೆ ಬಿಟ್ಟು ಎಲೆಯ ಮುಂದೆ ಕೂರುತ್ತಾನೆ. ಕೂತ ಮೇಲೆ ಅವನಿಗೆ ಯೋಚನೆ ಹತ್ತುತ್ತದೆ, ನನಗೂ ಹತ್ತಿದೆ. ನಾಯಿ ಮಾಡಿದ ಪಾಪ ಅಂದರೆ ಯಾವುದು?

ನಾಯಿ ಸಾಕಿದ ಪರಿಚಯದವರೊಬ್ಬರನ್ನು ಕೇಳಿದೆ. "ಅದಕ್ಕೆಲ್ಲಿಯ ಪಾಪ? ಏನು ಮಾಡಿದ್ರೂ ನಾವು ಮಾಡಿಸಿದ್ದೇ ಅಲ್ವಾ" ಅಂದುಬಿಟ್ಟರು. ಅಲ್ಲಿಂದ ಅಧ್ಯಾಯ ತಾನಾಗಿಯೇ ಓಡುತ್ತಿದೆ. ಹಂದಿಯನ್ನು ಕೊಂದದ್ದು ಕಾಳಿ. ಕಾಳಿಯನ್ನು ಬಿಟ್ಟದ್ದು ಅದನ್ನು ಸಾಕಿದವರು. ಸಾಕಿದ ಮಣಲೇರನನ್ನು ಯುದ್ಧಕ್ಕೆ ಬಿಟ್ಟದ್ದು ಬೂತುಗ, ಬೂತುಗನನ್ನು ಬಿಟ್ಟದ್ದು ಕೃಷ್ಣ. ಗೊರವ ತುತ್ತು ಕೈಯಲ್ಲಿ ಹಿಡಿದುಕೊಂಡೇ ಈ ಲೆಕ್ಕ ಹಾಕುತ್ತಿದ್ದಾನೆ. ಅವನು ಉಣ್ಣುತ್ತಾನೋ ಇಲ್ಲವೋ ನಾನಿನ್ನೂ ಬರೆದಿಲ್ಲ.