ಹೊಟ್ಟೆ ಡೈರಿ, 6ನೇ ವಾರ: ತೊಗರಿ ಬೇಳೆ ಮತ್ತೆ ತಟ್ಟೆಗೆ ಬಂತು

ಏನು ತಿಂದೆ, ಯಾವುದರ ಜೊತೆ ತಿಂದೆ, ಎಷ್ಟು ಹೊತ್ತಿಗೆ ಹೊಟ್ಟೆ ಉಬ್ಬಿತು ಅಂತ ನೋಟ್‌ಬುಕ್‌ನಲ್ಲಿ ಬರೆಯಲು ಶುರು ಮಾಡಿ ಆರು ವಾರ ಆಯ್ತು. ಮೊದಲು ನನ್ನ ಅನುಮಾನ ಎಲ್ಲಾ ತೊಗರಿ ಬೇಳೆ ಮೇಲೆ. ಕಲಬುರಗಿಯಲ್ಲಿ ಇದ್ದುಕೊಂಡು ಬೇಳೆ ಬಿಡೋದು ಸಣ್ಣ ಮಾತಲ್ಲ. ನಮ್ಮ ತೊಗರಿಗೆ 2019ರಲ್ಲಿ, ಇದು ಈ ನೆಲದ್ದೇ ಅಂತ ಗುರುತಿಸೋ ಜಿಐ ಟ್ಯಾಗ್ ಸಿಕ್ಕಿದೆ, ರೊಟ್ಟಿ ಜೊತೆ ಬ್ಯಾಳಿ ಇಲ್ಲದಿದ್ದರೆ ಅದು ಊಟವೇ ಅಲ್ಲ. ಆದರೂ ಎರಡು ವಾರ ಬಿಟ್ಟೆ. ಉಬ್ಬರ ಮಾತ್ರ ಹೋಗಲಿಲ್ಲ.

3ನೇ ವಾರ ಹಿಂದಿನ ಪುಟ ತಿರುವಿದಾಗ ಕಂಡದ್ದು ಬೇರೆ. ಕೆಟ್ಟ ದಿನಗಳೆಲ್ಲಾ ಕಡಲೆ ಗುಗ್ಗರಿ ತಿಂದ ದಿನಗಳು. ಮೂರು ತಾಸು ನೆನೆಸಿ, ಅದೇ ನೀರಿನಲ್ಲಿ ಕುಕ್ಕರ್‌ಗೆ ಹಾಕುತ್ತಿದ್ದೆ. ಅತ್ತೆ ಒಂದು ದಿನ ನೋಡಿ, "ಆ ನೀರು ಚೆಲ್ಲವ್ವಾ, ವಾಯು ಎಲ್ಲಾ ಅದ್ರಾಗೇ ಅದ" ಅಂದರು. ಮರುದಿನ ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ನೀರು ಹಳದಿಗೆ ತಿರುಗಿದೆ, ಅಂಚಿನಲ್ಲಿ ಸಣ್ಣ ನೊರೆ, ಹಸಿ ಕಾಳಿನ ವಾಸನೆ. ಚೆಲ್ಲಿ, ಎರಡು ಸಲ ತೊಳೆದು, ಹೊಸ ನೀರಿನಲ್ಲಿ ಬೇಯಿಸಿದೆ. ಅವತ್ತು ಸಂಜೆ ಸೀರೆ ಸೊಂಟದ ಹತ್ತಿರ ಬಿಗಿ ಅನಿಸಲೇ ಇಲ್ಲ!

ಅತ್ತೆಯ ಮಾತಿಗೆ ಕಾರಣ ಇದೆ. ಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅನ್ನೋ ಸಕ್ಕರೆಗಳಿವೆ. ಅವನ್ನು ಒಡೆಯೋ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ, ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ತಿಂದು ಗ್ಯಾಸ್ ಮಾಡುತ್ತವೆ. ನೆನೆಸಿದಾಗ ಅದರಲ್ಲಿ ಒಂದಷ್ಟು ನೀರಿಗೆ ಬಿಡುತ್ತದೆ. ನಾನು ಆ ನೀರನ್ನೇ ಕುಡಿಯುತ್ತಿದ್ದೆ ಅಂದ ಹಾಗಾಯ್ತಲ್ವಾ.

4ನೇ ವಾರ ಬೇಳೆ ವಾಪಸ್ ಬಂತು, ಅರ್ಧ ತಾಸು ನೆನೆಸಿ. ಏನೂ ತೊಂದರೆ ಇಲ್ಲ. ಪ್ರೋಟೀನ್‌ನ ಒಂದು ಭಾಗವಾದ ಲೈಸಿನ್ ಜೋಳದಲ್ಲಿ ಕಡಿಮೆ, ತೊಗರಿಯಲ್ಲಿ ಜಾಸ್ತಿ. ರೊಟ್ಟಿ ಬ್ಯಾಳಿ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಇಂಥ ಜೋಡಿಯನ್ನು ಎರಡು ವಾರ ಬೇರೆ ಮಾಡಿದ್ದಕ್ಕೆ ಈಗಲೂ ಬೇಜಾರಿದೆ.

5ನೇ ವಾರ ರಾತ್ರಿಯ ಹಾಲು ನಿಲ್ಲಿಸಿ ಮಜ್ಜಿಗೆಗೆ ಬಂದೆ. ಗುಡುಗುಡು ನಿಂತಿತು. ಮೊಸರು ಹೆಪ್ಪಾಗುವಾಗ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಸ್ವಲ್ಪ ಕಡಿಮೆಯಾಗುತ್ತದೆ, ನನಗೆ ಅಷ್ಟೇ ಸಾಕಾಯ್ತು ಅಂತ ಕಾಣುತ್ತದೆ. ಸಂಜೆಯ ಮಿರ್ಚಿ ಭಜಿ ಬಿಟ್ಟಿಲ್ಲ. ಎಣ್ಣೆ ಪದಾರ್ಥ ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತೆ, ಅದಕ್ಕೇ ಅವತ್ತು ರಾತ್ರಿ ಬರೀ ಅರ್ಧ ರೊಟ್ಟಿ.

ಈ ವಾರದ ಬದಲಾವಣೆ ಚಹಾದ್ದು. ಊಟ ಆದ ತಕ್ಷಣ ಕಪ್ ಹಿಡಿಯೋದು ನನ್ನ ಹಳೇ ಚಟ. ಚಹಾಕ್ಕೆ ಒಗರು ಕೊಡೋ ಟ್ಯಾನಿನ್ ಬೇಳೆ, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ನಿಂಬೆಯ ವಿಟಮಿನ್ ಸಿ ಅದಕ್ಕೆ ಉಲ್ಟಾ, ಹತ್ತಿಸುತ್ತದೆ. ರಕ್ತ ಕಡಿಮೆ ಇರೋ ನನ್ನಂಥವರು ಇದನ್ನು ಗಮನಿಸಲೇಬೇಕು. ಈಗ ಬ್ಯಾಳಿಗೆ ನಿಂಬೆ ಹಿಂಡುತ್ತೇನೆ, ಚಹಾ ಒಂದು ತಾಸು ಬಿಟ್ಟು. ಮೊದಲ ಮೂರು ದಿನ ತಲೆನೋವು ಬಂತು, ನಾಲ್ಕನೇ ದಿನ ಇಲ್ಲ.

ಮುಂದಿನ ವಾರ ಮಡಿಕೆ ಕಾಳಿನ ಸರದಿ. ಮೊಳಕೆ ಬರಿಸಿ ಒಂದು ದಿನ, ಬರಿಸದೆ ಒಂದು ದಿನ. ಒದ್ದೆ ಬಟ್ಟೆಯಲ್ಲಿ ಈಗಲೇ ಕಟ್ಟಿಟ್ಟಿದ್ದೇನೆ.